ಐರೋಲಿ: ಊರು ಮೊದಲು, ದಾರಿ ಆಮೇಲೆ

ಭಾರತದ ಪ್ರಥಮ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಹೊರಟು ಥಾಣೆಯನ್ನು ತಲುಪಿತೆಂಬುದು ಶಾಲೆಯ ಮಕ್ಕಳಿಗೂ ತಿಳಿದ ವಿಷಯ. ಅದಾಗಿ ಸುಮಾರು ಒಂದೂವರೆ ಶತಮಾನದ ನಂತರ, 1998ರ ಜನವರಿಯಲ್ಲಿ, ಕೊಂಕಣ ರೈಲುಮಾರ್ಗವು ಪೂರ್ಣಗೊಂಡಿತು. ಅಲ್ಲಿಯವರೆಗೆ ಬಸ್ಸಿನಲ್ಲಿ ಹಗಲಿರುಳು ಸವೆಸುತ್ತಿದ್ದ ಕರಾವಳಿಯ ಕನ್ನಡಿಗನು ಥಾಣೆಯಲ್ಲಿ ಗಾಡಿ ಹತ್ತಿ ಮಂಗಳೂರಿನಲ್ಲಿ ಇಳಿಯುವಂತಾದನು. ಆದರೆ ಅದೇ ಥಾಣೆಯ ಮಗ್ಗುಲಲ್ಲಿರುವ ಐರೋಲಿಗೆ ಪ್ರಯಾಣಿಕರ ರೈಲು ಬಂದದ್ದು 2004ರ ನವೆಂಬರಿನಲ್ಲಿ. ಎಂಟುನೂರು ಕಿಲೋಮೀಟರಿಗೂ ಮಿಗಿಲಾದ ದೂರದ ಮಂಗಳೂರಿಗೆ ಥಾಣೆಯಿಂದ ರೈಲು ಹೋದ ಆರು ವರ್ಷಗಳ ತರುವಾಯವಷ್ಟೇ ನೆರೆಯ ಐರೋಲಿಗೆ ಆ ಭಾಗ್ಯ ಒದಗಿತು.

ಇದನ್ನು ಕೇವಲ ವಿನೋದದ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ಸಹ್ಯಾದ್ರಿಯ ಕಡಿದಾದ ಕಣಿವೆಗಳನ್ನೂ ನೂರಾರು ನದಿತೊರೆಗಳನ್ನೂ ದಾಟಿ ಏಳುನೂರು ಕಿಲೋಮೀಟರಿಗೂ ಹೆಚ್ಚು ಉದ್ದದ ಮಾರ್ಗವನ್ನು ಹಾಕುವುದು ಸುಲಭದ ಕೆಲಸವಾಗಿರಲಿಲ್ಲ. ಆದರೂ ಅದು ನೆರವೇರಿತು. ಅದಕ್ಕೆ ಮುಖ್ಯ ಕಾರಣ, 1990ರಲ್ಲಿ ಆ ಕಾರ್ಯಕ್ಕೆಂದೇ ಒಂದು ನಿಗಮವನ್ನು ಸ್ಥಾಪಿಸಿ, ಕೇಂದ್ರವೂ ಕರ್ನಾಟಕವನ್ನೊಳಗೊಂಡ ನಾಲ್ಕು ರಾಜ್ಯಗಳೂ ಬಂಡವಾಳ ಹೂಡಿ, ಹೊಣೆಯನ್ನು ಒಂದೇ ಕೈಗೆ ಒಪ್ಪಿಸಿದುದು. ಆ ನಿಗಮದ ಪ್ರಧಾನ ಕಚೇರಿಯು ಇದೇ ನವಿಮುಂಬಯಿಯ ಬೇಲಾಪುರದಲ್ಲಿದೆ. ಐರೋಲಿಯ ದಾರಿಗಳ ವಿಷಯದಲ್ಲಿ ಕೊರತೆಯಿದ್ದುದು ಯಂತ್ರವಿದ್ಯೆಯದಲ್ಲ. ಹಣದ್ದೆಂದು ಹೇಳುವುದೂ ಕಷ್ಟ. ಕೊರತೆಯಿದ್ದುದು ಹೊಣೆಗಾರಿಕೆಯದು. ಊರಿನ ದಾರಿಗೆ ಯಾರು ಹೊಣೆ ಎಂಬ ಪ್ರಶ್ನೆಗೆ ಅಂದೂ ಇಂದೂ ಐರೋಲಿಯ ನಿವಾಸಿಗೆ ಒಂದೇ ಉತ್ತರ ದೊರೆತಿಲ್ಲ.

ನಕ್ಷೆಯ ಮೇಲಿನ ನಗರ

ಮುಂಬಯಿ ದ್ವೀಪವು ಉದ್ದಕ್ಕೆ ಉತ್ತರಾಭಿಮುಖವಾಗಿ ಬೆಳೆದು ಉಸಿರುಗಟ್ಟುತ್ತಿದ್ದ ಕಾಲದಲ್ಲಿ, ನಗರವನ್ನು ಖಾಡಿಯ ಪೂರ್ವಕ್ಕೆ ಹರಡಬೇಕೆಂಬ ವಿಚಾರವು ಮೊಳೆಯಿತು. ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ ಹಾಗೂ ಶಿರೀಷ್ ಪಟೇಲ್ ಅವರು 1965ರಲ್ಲಿ 'ಮಾರ್ಗ್' ಪತ್ರಿಕೆಯ ಮೂಲಕ ಈ ಕಲ್ಪನೆಯನ್ನು ಜನರ ಮುಂದಿಟ್ಟರು. ಅದನ್ನು ಕಾರ್ಯರೂಪಕ್ಕೆ ತರಲು 1970ರ ಮಾರ್ಚ್ 17ರಂದು ಸಿಡ್ಕೊ ಸಂಸ್ಥೆಯು ಸ್ಥಾಪನೆಗೊಂಡಿತು. ಥಾಣೆ ಹಾಗೂ ಅಂದಿನ ಕುಲಾಬಾ ಜಿಲ್ಲೆಗಳ 95 ಹಳ್ಳಿಗಳ, 344 ಚದರ ಕಿಲೋಮೀಟರಿನಷ್ಟು ಪ್ರದೇಶವು ನೂತನ ನಗರಕ್ಕೆಂದು ಗೊತ್ತಾಯಿತು.

ಯೋಜನೆಯ ಮೂಲ ಉದ್ದೇಶವು ಘನವಾದುದೇ ಆಗಿತ್ತು. ಉದ್ಯೋಗವೂ ಮನೆಯೂ ಒಂದೆಡೆ ಇದ್ದರೆ ಜನರು ದಿನಂಪ್ರತಿ ಗಾಡಿಗಳಲ್ಲಿ ಕುರಿಗಳಂತೆ ತುಂಬಿಕೊಂಡು ಹೋಗುವ ಪ್ರಮೇಯವಿರದು. ಸರಕಾರವೇ ತನ್ನ ಕಚೇರಿಗಳನ್ನು ಹೊಸ ನಗರಕ್ಕೆ ಸ್ಥಳಾಂತರಿಸಿದರೆ ಉಳಿದವರು ಹಿಂಬಾಲಿಸುವರು ಎಂಬುದು ಅದರ ತಿರುಳು. ಆದರೆ ರಾಜ್ಯದ ಆಡಳಿತಕೇಂದ್ರವು ದಕ್ಷಿಣ ಮುಂಬಯಿಯನ್ನು ಬಿಟ್ಟು ಕದಲಲಿಲ್ಲ. ನರೀಮನ್ ಪಾಯಿಂಟಿನಲ್ಲಿ ಸಮುದ್ರವನ್ನು ತುಂಬಿ ಹೊಸ ಹೊಸ ಕಚೇರಿಗಳು ಎದ್ದವು. ಪರಿಣಾಮವಾಗಿ, ಹೊಸ ನಗರದಲ್ಲಿ ಮನೆ ಕೊಂಡವನು ಬಹುಕಾಲ ಹಳೆಯ ನಗರದಲ್ಲಿಯೇ ದುಡಿಯಬೇಕಾಯಿತು. ವಾಶಿಯ ಸೇತುವೆ 1973ರಲ್ಲಿ ತೆರೆದರೂ ರೈಲು ವಾಶಿಗೆ ಬಂದದ್ದು 1992ರ ಮೇ ತಿಂಗಳಲ್ಲಿ. ಮುಲುಂಡ್ ಕಡೆಯಿಂದ ಐರೋಲಿಗೆ ಸೇತುವೆಯಾದದ್ದು 1999ರಲ್ಲಿ. ಈ ನಡುವಿನ ವರ್ಷಗಳಲ್ಲಿ ಸೆಕ್ಟರುಗಳು ತಲೆಯೆತ್ತಿದವು, ಸೊಸಾಯಿಟಿಗಳಿಗೆ ಬೀಗದ ಕೈ ಹಂಚಲಾಯಿತು, ಮಕ್ಕಳು ಹುಟ್ಟಿ ಬೆಳೆದು ಕಾಲೇಜು ಸೇರಿದರು. ದಾರಿಗಳು ಮಾತ್ರ ಹಿಂದೆ ಬಿದ್ದವು.

ರೈಲುಮಾರ್ಗದ ವೆಚ್ಚದಲ್ಲಿ ಶೇಕಡಾ 67ರಷ್ಟನ್ನು ಸಿಡ್ಕೊ, ಶೇಕಡಾ 33ರಷ್ಟನ್ನು ರೈಲ್ವೆ ಇಲಾಖೆ ಭರಿಸಬೇಕೆಂಬ ಏರ್ಪಾಡು ಆಯಿತು. ಸಿಡ್ಕೊದ ಹಣವೆಂದರೆ ನಿವೇಶನ ಹಾಗೂ ಮನೆಗಳ ಮಾರಾಟದಿಂದ ಬಂದ ಹಣ. ಅದು ಸಾಲದೆಂಬಂತೆ ಟಿಕೆಟ್ಟಿನ ಮೇಲೆಯೂ ಅಧಿಭಾರ ಬಿತ್ತು. ಹೀಗೆ ಐರೋಲಿಯ ಪ್ರಯಾಣಿಕನು ತನ್ನ ರೈಲಿಗಾಗಿ ಎರಡು ಸಲ ಬೆಲೆ ತೆತ್ತನು: ಮನೆ ಕೊಂಡಾಗ ಒಮ್ಮೆ, ಗಾಡಿ ಹತ್ತಿದಾಗ ಮತ್ತೊಮ್ಮೆ. ಇಷ್ಟೆಲ್ಲ ಕೊಟ್ಟವನಿಗೆ ಮಾರ್ಗ ಎಂದು, ಎಲ್ಲಿ, ಹೇಗೆ ಬರಬೇಕೆಂದು ಹೇಳುವ ಅವಕಾಶವೊಂದು ಇರಲಿಲ್ಲ.

ನೆಲ ಕೊಟ್ಟವರ ಋಣ

ಐರೋಲಿಯ ಕಟ್ಟಡಗಳಲ್ಲಿ ನೆಲೆಸಿರುವ ಕನ್ನಡಿಗರು ಇನ್ನೊಂದು ಮಾತನ್ನು ಮರೆಯಲಾಗದು. ಈ ನೆಲವು ಬರಿಯ ಬಂಜರು ಭೂಮಿಯಾಗಿರಲಿಲ್ಲ. ಇಲ್ಲಿ ಆಗ್ರಿ ಮತ್ತು ಕೋಳಿ ಸಮಾಜದವರು ಭತ್ತ ಬೆಳೆದು, ಉಪ್ಪು ತೆಗೆದು, ಖಾಡಿಯಲ್ಲಿ ಮೀನು ಹಿಡಿದು ಬಾಳುತ್ತಿದ್ದರು. ತುಳುನಾಡಿನ ಮೊಗವೀರರ ಬದುಕನ್ನು ಬಲ್ಲವರಿಗೆ ಆ ಬದುಕಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ನಗರಕ್ಕಾಗಿ ಭೂಮಿಯನ್ನು ಸ್ವಾಧೀನಪಡಿಸಿಕೊಂಡಾಗ ದೊರೆತ ಪರಿಹಾರವು ಅತ್ಯಲ್ಪವೆಂದು ರೈತರು ದಿ. ಬಾ. ಪಾಟೀಲರ ಮುಂದಾಳುತನದಲ್ಲಿ ಹೋರಾಟಕ್ಕಿಳಿದರು. 1984ರ ಜನವರಿಯಲ್ಲಿ ಉರಣ್ ತಾಲೂಕಿನ ಜಾಸಯಿ ಪರಿಸರದಲ್ಲಿ ಪೋಲೀಸರ ಗೋಳೀಬಾರಿಗೆ ಐವರು ಬಲಿಯಾದರು. ಸ್ವಾಧೀನಪಡಿಸಿಕೊಂಡ ಭೂಮಿಗೆ ಬದಲಾಗಿ ಶೇಕಡಾ ಹನ್ನೆರಡೂವರೆಯಷ್ಟು ಅಭಿವೃದ್ಧಿಪಡಿಸಿದ ನಿವೇಶನವನ್ನು ರೈತರಿಗೆ ಮರಳಿಸುವ ಯೋಜನೆಯು 1990ರಲ್ಲಿ ಬಂದದ್ದು ಈ ತ್ಯಾಗದ ಫಲವಾಗಿ.

ಈ ಇತಿಹಾಸದಿಂದ ಕಲಿಯಬೇಕಾದ ಪಾಠವೊಂದಿದೆ. ಊರು ಕಟ್ಟುವವರು ಊರಿನವರನ್ನು ಕೇಳದೆ ಕಟ್ಟಿದರೆ ಕೇಳಿಸಿಕೊಳ್ಳುವ ಕಾಲವು ಕಹಿಯಾಗಿಯೇ ಬರುತ್ತದೆ. ಗಾಂವ್‌ಠಾಣದ ಮೂಲನಿವಾಸಿಯನ್ನು ಕೇಳಲಿಲ್ಲ. ಬಳಿಕ ಸೆಕ್ಟರಿಗೆ ಬಂದ ವಲಸಿಗನನ್ನೂ ಕೇಳಲಿಲ್ಲ. ಇವರಿಬ್ಬರೂ ಒಬ್ಬರನ್ನೊಬ್ಬರು ಪರಕೀಯರೆಂದು ನೋಡುತ್ತ ಕುಳಿತರೆ ಕೇಳದವರಿಗೇ ಅನುಕೂಲ.

ತಡವಾಗಿ ಬಂದ ಪಾಲಿಕೆ

ಐರೋಲಿಯ ಪಕ್ಕದಲ್ಲಿಯೇ ಸಾಗುವ ಥಾಣೆ-ಬೇಲಾಪುರ ರಸ್ತೆಯ ಮಗ್ಗುಲಲ್ಲಿ ಹೊಸ ನಗರಕ್ಕಿಂತ ಮೊದಲೇ, ಅರವತ್ತರ ದಶಕದಲ್ಲಿ, ರಾಜ್ಯ ಔದ್ಯೋಗಿಕ ನಿಗಮವಾದ ಎಂ.ಐ.ಡಿ.ಸಿ.ಯು ಕಾರಖಾನೆಗಳ ವಲಯವೊಂದನ್ನು ನಿರ್ಮಿಸತೊಡಗಿತ್ತು. ರಸಾಯನ ಕಾರಖಾನೆಗಳ ಸೈರನ್ನಿಗೆ ಹೊಂದಿಸಿಕೊಂಡು ಬದುಕಿದ ಒಂದು ತಲೆಮಾರು ಕಳೆದು, ಈಗ ಅದೇ ರಸ್ತೆಯ ಅಂಚಿನಲ್ಲಿ ಗಣಕಯಂತ್ರಗಳ ಗಾಜಿನ ಕಟ್ಟಡಗಳು ನಿಂತಿವೆ. ಜನಸಂಖ್ಯೆಯ ಏರಿಕೆಯೂ ಹಾಗೆಯೇ. ನವಿಮುಂಬಯಿ ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿ 2001ರ ಜನಗಣತಿಯಲ್ಲಿ ಸುಮಾರು 7 ಲಕ್ಷ ಜನರಿದ್ದರು. 2011ರಲ್ಲಿ ಆ ಸಂಖ್ಯೆ 11 ಲಕ್ಷವನ್ನು ದಾಟಿತ್ತು.

ಪಾಲಿಕೆಯು ಅಸ್ತಿತ್ವಕ್ಕೆ ಬಂದದ್ದು 1992ರ ಜನವರಿ 1ರಂದು, ಅಂದರೆ ಸಿಡ್ಕೊ ಹುಟ್ಟಿ ಇಪ್ಪತ್ತೆರಡು ವರ್ಷಗಳ ಮೇಲೆ. ಮೊದಲ ಚುನಾವಣೆಯು 1995ರಲ್ಲಿ ನಡೆಯಿತು. ನೆರೆಯ ಥಾಣೆಯು 1982ರಲ್ಲಿಯೂ ಕಲ್ಯಾಣ-ಡೊಂಬಿವಲಿಯು 1983ರಲ್ಲಿಯೂ ಮಹಾನಗರ ಪಾಲಿಕೆಗಳಾಗಿದ್ದುವು. ತಡವಾಗಿ ಬಂದರೂ ನವಿಮುಂಬಯಿ ಪಾಲಿಕೆಯು ಮಾಡಿದ ಕೆಲಸವನ್ನು ಮೆಚ್ಚದೆ ಇರಲಾಗದು. 1996ರಲ್ಲಿ ತನ್ನದೇ ಬಸ್ ಸಾರಿಗೆಯನ್ನು ಆರಂಭಿಸಿತು. ಖಾಲಾಪುರದ ಬಳಿಯ ಮೋರ್ಬೆ ಅಣೆಕಟ್ಟನ್ನು ಸರಕಾರದಿಂದ ಕೊಂಡು ನೀರಿನ ವಿಷಯದಲ್ಲಿ ಸ್ವಾವಲಂಬಿಯಾಯಿತು. ಸ್ವಂತದ ಅಣೆಕಟ್ಟುಳ್ಳ ಪಾಲಿಕೆಗಳು ದೇಶದಲ್ಲಿ ವಿರಳ. ವಾಶಿ, ನೆರೂಲ್, ಐರೋಲಿಗಳಲ್ಲಿ ಆಸ್ಪತ್ರೆಗಳನ್ನು ನಡೆಸುತ್ತಿದೆ. ಹತ್ತಿರದ ಸಂಸ್ಥೆಗೆ ಹೊಣೆ ಕೊಟ್ಟಲ್ಲಿ ಕೆಲಸವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆದರೆ 2020ರ ಮೇ ತಿಂಗಳಲ್ಲಿ ಚುನಾಯಿತ ಸಭೆಯ ಅವಧಿ ಮುಗಿಯಿತು. ಕೋವಿಡ್ ಮಹಾಮಾರಿಯಿಂದ ಮುಂದೆ ಹೋದ ಚುನಾವಣೆಯು, ಆ ಬಳಿಕ ಹಿಂದುಳಿದ ವರ್ಗಗಳ ಮೀಸಲಾತಿ ಹಾಗೂ ವಾರ್ಡುಗಳ ರಚನೆಯ ವ್ಯಾಜ್ಯಗಳಲ್ಲಿ ಸಿಲುಕಿ ವರ್ಷಗಟ್ಟಲೆ ನೆನೆಗುದಿಗೆ ಬಿತ್ತು. ಸರ್ವೋಚ್ಚ ನ್ಯಾಯಾಲಯವು 2025ರಲ್ಲಿ ಕಟ್ಟುನಿಟ್ಟಾಗಿ ಆದೇಶಿಸಿದ ಮೇಲೆಯೇ, 2026ರ ಜನವರಿ 15ರಂದು ಮತದಾನವಾಯಿತು. ಪಾಲಿಕೆಯ ಅವಧಿ ಐದು ವರ್ಷಗಳನ್ನು ಮೀರಬಾರದು, ಅದು ಮುಗಿಯುವುದರೊಳಗೆ ಚುನಾವಣೆ ನಡೆಯಬೇಕು ಎಂದು ಸಂವಿಧಾನದ 74ನೆಯ ತಿದ್ದುಪಡಿಯು 1993ರಿಂದಲೇ ವಿಧಿಸಿದೆ. ಹಾಗಿದ್ದೂ ಒಂದು ಪೂರ್ಣಾವಧಿಗಿಂತ ದೀರ್ಘಕಾಲ ಐರೋಲಿಯ ನಿವಾಸಿಗೆ ನಗರಸೇವಕನೇ ಇರಲಿಲ್ಲ.

ಇದಕ್ಕೆ ಬರುವ ಆಕ್ಷೇಪವನ್ನೂ ಪರಿಶೀಲಿಸಬೇಕು. "ಚುನಾಯಿತರಿಲ್ಲದ ಕಾಲದಲ್ಲಿಯೂ ನಗರವು ಚೊಕ್ಕಟವಾಗಿಯೇ ಇತ್ತಲ್ಲ? ಜಗಳಗಂಟಿ ನಗರಸೇವಕರಿಗಿಂತ ದಕ್ಷ ಅಧಿಕಾರಿಯೇ ಲೇಸಲ್ಲವೇ?" ಎಂದು ವಿದ್ಯಾವಂತರೇ ಕೇಳುವುದುಂಟು. ರಾಷ್ಟ್ರದ ಸ್ವಚ್ಛತಾ ಸಮೀಕ್ಷೆಯಲ್ಲಿ ನವಿಮುಂಬಯಿಗೆ 2022 ಹಾಗೂ 2023ರಲ್ಲಿ ಮೂರನೆಯ ಸ್ಥಾನ ದೊರೆತದ್ದು ನಿಜ. ಅದು ಆಡಳಿತಗಾರರ ಕಾಲವೇ. ಆದರೆ ಕಸ ಗುಡಿಸಬೇಕೋ ಬೇಡವೋ ಎಂಬುದರಲ್ಲಿ ಎರಡು ಅಭಿಪ್ರಾಯಗಳಿಲ್ಲ. ಆಜ್ಞೆಯೊಂದರಿಂದ ಆ ಕೆಲಸ ನಡೆಯುತ್ತದೆ. ಇರುವ ಹಣದಲ್ಲಿ ಮೇಲ್ಸೇತುವೆ ಕಟ್ಟಬೇಕೋ, ನಿಲ್ದಾಣಕ್ಕೆ ನಡೆದು ಹೋಗುವ ಕಾಲುದಾರಿಯನ್ನು ಸರಿಪಡಿಸಬೇಕೋ? ರಾತ್ರಿಪಾಳಿಯಿಂದ ಮರಳುವವರಿಗೆ ಬಸ್ಸು ಬಿಡಬೇಕೋ, ಕಾರುಗಳಿಗೆ ನಿಲುಗಡೆ ಮಾಡಿಕೊಡಬೇಕೋ? ಇವು ಒಬ್ಬರಿಗೆ ಲಾಭವಾಗಿ ಇನ್ನೊಬ್ಬರಿಗೆ ನಷ್ಟವಾಗುವ ಪ್ರಶ್ನೆಗಳು. ಎಂತಹ ದಕ್ಷ ಅಧಿಕಾರಿಯಾದರೂ ಇವನ್ನು ಜನರ ಪರವಾಗಿ ನಿರ್ಣಯಿಸಬಲ್ಲನೇ ಹೊರತು ಜನರಿಗೆ ಉತ್ತರ ಕೊಡಬೇಕಾದವನಲ್ಲ. ವರ್ಗವಾದ ದಿನ ಅವನ ಹೊಣೆಯೂ ಅವನೊಡನೆಯೇ ಹೋಗುತ್ತದೆ.

ಈ ರೋಗವು ಮಹಾರಾಷ್ಟ್ರಕ್ಕೆ ಮಾತ್ರ ಸೀಮಿತವೆಂದು ಕನ್ನಡಿಗರು ಬೀಗುವಂತೆಯೂ ಇಲ್ಲ. ತವರಿನ ರಾಜಧಾನಿಯಾದ ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿಯಿತು. 2025ರಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆದರೂ ಆ ವರ್ಷದ ಕೊನೆಯವರೆಗೆ ಚುನಾವಣೆ ನಡೆದಿರಲಿಲ್ಲ. ದೊಡ್ಡ ನಗರಗಳ ಹಣ ಹಾಗೂ ನೆಲದ ಮೇಲಿನ ಹಿಡಿತವನ್ನು ಸಡಿಲಿಸಲು ರಾಜ್ಯ ಸರಕಾರಗಳು, ಅವು ಯಾವ ಪಕ್ಷದವೇ ಆಗಿರಲಿ, ಒಪ್ಪುವುದಿಲ್ಲವೆಂಬುದು ಎರಡೂ ಕಡೆಯ ಅನುಭವ.

ಹಲವು ಮನೆಯ ನೆಂಟ

ಐರೋಲಿಯಲ್ಲಿ ನಿಂತು ಸುತ್ತ ನೋಡಿದರೆ ಹೊಣೆಯು ಹೇಗೆ ಹಂಚಿಹೋಗಿದೆಯೆಂಬುದು ತಾನಾಗಿ ಕಾಣುತ್ತದೆ. ವಸತಿಯ ನೆಲದ ಒಡೆತನ ಸಿಡ್ಕೊದ್ದು. ಕಾರಖಾನೆಯ ನೆಲದ್ದು ಎಂ.ಐ.ಡಿ.ಸಿ.ಯದು. ರೈಲು ಕೇಂದ್ರ ಸರಕಾರದ್ದು. ದೊಡ್ಡ ಹೆದ್ದಾರಿಗಳು ಎಂ.ಎಂ.ಆರ್.ಡಿ.ಎ. ಮತ್ತು ರಸ್ತೆ ಅಭಿವೃದ್ಧಿ ನಿಗಮಗಳ ಪಾಲು. ಖಾಡಿಯ ದಂಡೆಯ ಕಾಂಡ್ಲಾ ವನವು ಅರಣ್ಯ ಇಲಾಖೆಯದು. ಅಲ್ಲಿನ ರಾಜಹಂಸಗಳ ಅಭಯಧಾಮವು 2022ರಲ್ಲಿ ರಾಮ್ಸಾರ್ ತಾಣವೆಂದು ಅಂತರರಾಷ್ಟ್ರೀಯ ಮನ್ನಣೆ ಪಡೆದಿದೆ. ಉಳಿದ ಗಟಾರ, ದೀಪ, ಕಾಲುದಾರಿ, ಬಸ್ಸುಗಳು ಪಾಲಿಕೆಯವು. ಒಂದೊಂದು ಸಂಸ್ಥೆಯೂ ತನ್ನ ಪಾಲಿನ ಕೆಲಸವನ್ನು ಮಾಡುತ್ತಿರಬಹುದು. ಆದರೆ ಹಲವು ಮನೆಯ ನೆಂಟ ಉಪವಾಸ ಬಿದ್ದನೆಂಬಂತೆ, ಒಂದರ ಅಂಚು ಇನ್ನೊಂದರ ಅಂಚನ್ನು ಮುಟ್ಟುವಲ್ಲಿಯೇ ನಾಗರಿಕನು ಎಡವುತ್ತಾನೆ.

ಕಳವೆ-ಐರೋಲಿ ಎತ್ತರದ ರೈಲುಮಾರ್ಗವು ಇದಕ್ಕೆ ಒಳ್ಳೆಯ ನಿದರ್ಶನ. ಡೊಂಬಿವಲಿ, ಕಲ್ಯಾಣಗಳ ಸಾವಿರಾರು ನೌಕರರು, ಅವರಲ್ಲಿ ಕನ್ನಡಿಗರೂ ಅನೇಕರು, ದಿನವೂ ಥಾಣೆಯಲ್ಲಿಳಿದು ಜನಜಂಗುಳಿಯಲ್ಲಿ ಪ್ಲಾಟ್‌ಫಾರ್ಮ್ ಬದಲಾಯಿಸಿ ಐರೋಲಿ, ವಾಶಿಗಳತ್ತ ಸಾಗುತ್ತಾರೆ. ಕಳವೆಯಿಂದಲೇ ಐರೋಲಿಗೆ ಮಾರ್ಗ ಕೂಡಿಸಿದರೆ ಥಾಣೆಯ ಮೇಲಿನ ಒತ್ತಡವೂ ಇವರ ಬವಣೆಯೂ ತಗ್ಗುತ್ತದೆ. ಈ ಯೋಜನೆಗೆ 2016ರಲ್ಲಿ ಮಂಜೂರಾತಿ ದೊರೆಯಿತು. ಅದರ ಭಾಗವಾದ ದಿಘಾ ಗಾಂವ್ ನಿಲ್ದಾಣವು 2024ರ ಜನವರಿ 12ರಂದು ಉದ್ಘಾಟನೆಗೊಂಡಿತು. ಆದರೆ ಕಳವೆಯನ್ನು ಜೋಡಿಸುವ ಮುಖ್ಯ ಮಾರ್ಗವು 2025ರ ಕೊನೆಗೂ ಪೂರ್ಣಗೊಂಡಿರಲಿಲ್ಲ. ಮಾರ್ಗದಲ್ಲಿರುವ ಜೋಪಡಿಗಳ ನಿವಾಸಿಗಳಿಗೆ ಬದಲಿ ಮನೆ ಒದಗಿಸುವುದು ದೊಡ್ಡ ತೊಡಕಾಯಿತು. ರೈಲು ಒಬ್ಬರದು, ಮನೆ ಇನ್ನೊಬ್ಬರದು, ಮತ ಮಗುದೊಬ್ಬರದು. ಮೂವರನ್ನೂ ಒಂದು ಮೇಜಿನ ಸುತ್ತ ಕೂರಿಸುವ ಅಧಿಕಾರ ಯಾರಿಗೂ ಇಲ್ಲ. ಜೋಪಡಿಯವನನ್ನು ದಾರಿಗೆ ಅಡ್ಡವೆಂದು ದೂಷಿಸುವುದು ಸುಲಭ. ಅವನೂ ಬಡತನದಿಂದ ಬಂದ ವಲಸಿಗನೇ ಎಂಬುದನ್ನು ವಲಸಿಗರ ಸಂಘಗಳಾದರೂ ನೆನೆಯಬೇಕು.

ಇತ್ತ ದೊಡ್ಡ ಯೋಜನೆಗಳಿಗೆ ಬರಗಾಲವಿಲ್ಲ. 21.8 ಕಿಲೋಮೀಟರಿನ ಅಟಲ್ ಸೇತು ದಿಘಾ ನಿಲ್ದಾಣದ ದಿನವೇ ಉದ್ಘಾಟನೆಯಾಯಿತು. ಬೇಲಾಪುರ-ಪೇಂಧರ್ ಮೆಟ್ರೊ 2023ರ ನವೆಂಬರಿನಲ್ಲಿ ಓಡತೊಡಗಿತು. ನವಿಮುಂಬಯಿಯ ವಿಮಾನ ನಿಲ್ದಾಣವು 2025ರ ಅಕ್ಟೋಬರಿನಲ್ಲಿ ಉದ್ಘಾಟನೆಗೊಂಡಿತು. 2024ರ ಅಕ್ಟೋಬರಿನಿಂದ ಐರೋಲಿ ಸೇರಿದಂತೆ ಮುಂಬಯಿಯ ಐದು ಪ್ರವೇಶನಾಕೆಗಳಲ್ಲಿ ಲಘು ವಾಹನಗಳಿಗೆ ಟೋಲ್ ಮನ್ನಾ ಆಯಿತು. ಇವೆಲ್ಲವೂ ಸಂತೋಷದ ಸುದ್ದಿಗಳೇ. ಆದರೆ ಇವುಗಳಲ್ಲಿ ಕಾರುಳ್ಳವನಿಗೂ ವಿಮಾನವೇರುವವನಿಗೂ ದೊರೆತ ಪಾಲೆಷ್ಟು, ಬಸ್ಸಿಗಾಗಿ ಮಳೆಯಲ್ಲಿ ನಿಲ್ಲುವವನಿಗೆ ದೊರೆತ ಪಾಲೆಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡಬೇಕಾಗಿದೆ.

ಕಾಲುದಾರಿಯೇ ಔಷಧಿ

ಈ ಲೆಕ್ಕವು ಹಣದ್ದು ಮಾತ್ರವಲ್ಲ, ಆರೋಗ್ಯದ್ದೂ ಹೌದು. ದಿನಕ್ಕೆ ಎರಡು-ಮೂರು ಗಂಟೆ ನಿಂತು ಪ್ರಯಾಣಿಸುವವನಿಗೆ ನಿದ್ರೆ ಕೊರೆಯಾಗುತ್ತದೆ. ಊಟದ ಹೊತ್ತು ತಪ್ಪುತ್ತದೆ. ವ್ಯಾಯಾಮಕ್ಕೆ ಬಿಡುವು ಸಿಗದು. ಸಕ್ಕರೆ ಕಾಯಿಲೆ, ರಕ್ತದ ಒತ್ತಡಗಳಿಗೆ ವೈದ್ಯರು ನಡೆಯಬೇಕೆಂದು ಹೇಳುತ್ತಾರೆ. ನಡೆಯುವುದೆಲ್ಲಿ ಎಂಬ ಪ್ರಶ್ನೆಗೆ ಔಷಧದ ಚೀಟಿಯಲ್ಲಿ ಉತ್ತರವಿಲ್ಲ.

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷಗಳಷ್ಟು ಮಿತಶ್ರಮದ ವ್ಯಾಯಾಮ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮನೆಯಿಂದ ನಿಲ್ದಾಣಕ್ಕೆ ಹದಿನೈದು ನಿಮಿಷ, ನಿಲ್ದಾಣದಿಂದ ಮನೆಗೆ ಹದಿನೈದು ನಿಮಿಷ ಚುರುಕಾಗಿ ನಡೆದರೆ, ವಾರದ ಐದು ದಿನಗಳಲ್ಲಿ ಆಗುವುದು ಸರಿಯಾಗಿ 150 ನಿಮಿಷಗಳೇ! ಸೆಕ್ಟರುಗಳಾಗಿ ಯೋಜಿಸಲ್ಪಟ್ಟ ಐರೋಲಿಯಲ್ಲಿ ಬಹಳಷ್ಟು ಮನೆಗಳಿಗೆ ಇದು ಅಸಾಧ್ಯವಲ್ಲ. ಬೇಕಾದುದು ಇಷ್ಟೇ: ಅಂಗಡಿಯ ಸಾಮಾನು, ನಿಲ್ಲಿಸಿದ ಸ್ಕೂಟರುಗಳು ಆಕ್ರಮಿಸದ ಕಾಲುದಾರಿ; ಸಂಜೆ ಹೆಂಗಸರು ಅಂಜದೆ ನಡೆಯುವಷ್ಟು ಬೆಳಕು; ಮುದುಕರು ದಾಟಬಲ್ಲ ರಸ್ತೆ; ನೆರಳಿಗೆ ಮರ. ಇವು ಯಾವುವೂ ದಿಲ್ಲಿಯಿಂದ ಬರಬೇಕಾದ ವಸ್ತುಗಳಲ್ಲ. ಇವೆಲ್ಲವೂ ಪಾಲಿಕೆಯ ವ್ಯಾಪ್ತಿಯೊಳಗಿನ, ಒಂದು ವಾರ್ಡಿನ ಜನರು ಒಗ್ಗಟ್ಟಾಗಿ ಕೇಳಿದರೆ ದೊರೆಯಬಲ್ಲ ಸೌಕರ್ಯಗಳು. ಉಚಿತ ನೇತ್ರ ತಪಾಸಣೆ, ರಕ್ತದಾನ ಶಿಬಿರಗಳನ್ನು ಶ್ರದ್ಧೆಯಿಂದ ನಡೆಸುವ ಸಂಘಗಳು ಕಾಲುದಾರಿಯ ಬೇಡಿಕೆಯನ್ನೂ ಆರೋಗ್ಯಸೇವೆಯೆಂದೇ ಎಣಿಸಬೇಕು.

ಕನ್ನಡಿಗರ ಕರ್ತವ್ಯ

ಮುಂಬಯಿಯ ಕನ್ನಡಿಗರು ಸಂಘಟನೆಯಲ್ಲಿ ಯಾರಿಗೂ ಕಡಮೆಯವರಲ್ಲ. ಮೈಸೂರು ಅಸೋಸಿಯೇಷನ್ 1926ರಲ್ಲಿಯೂ ಕರ್ನಾಟಕ ಸಂಘವು 1933ರಲ್ಲಿಯೂ ಸ್ಥಾಪಿತವಾದವು. ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರಿಗೆ ರಾತ್ರಿಶಾಲೆಗಳನ್ನು ನಡೆಸಿದ ಹಿರಿಯರ ಕೀರ್ತಿ ದೊಡ್ಡದು. ಅಂದು ಊರಿನಲ್ಲಿ ವಿದ್ಯೆಯಿಲ್ಲದ್ದು ಕೊರತೆಯಾಗಿತ್ತು. ಸಂಘಗಳು ಅದನ್ನು ತುಂಬಿದವು. ಇಂದು ಉಪನಗರದಲ್ಲಿ ಕೊರತೆಯಾಗಿರುವುದು ಪೌರಪ್ರಜ್ಞೆ. ಯಕ್ಷಗಾನ, ಹಳದಿ-ಕುಂಕುಮ, ರಾಜ್ಯೋತ್ಸವಗಳಿಗೆ ನೆರೆಯುವ ಜನರು ವಾರ್ಡಿನ ವಿಷಯ ಬಂದಾಗ "ಅದು ಇಲ್ಲಿಯವರ ರಾಜಕೀಯ, ನಾಲ್ಕು ಕಾಸು ಗಳಿಸಲು ಬಂದವರಿಗೆ ಅದೇಕೆ?" ಎಂದು ದೂರ ಸರಿಯುವುದು ಹೆಚ್ಚು. ಕೆಲವರ ಹೆಸರು ಇನ್ನೂ ಊರಿನ ಮತದಾರರ ಪಟ್ಟಿಯಲ್ಲಿಯೇ ಇರುತ್ತದೆ. ತೆರಿಗೆ ಇಲ್ಲಿ, ಮತ ಅಲ್ಲಿ. ಮಕ್ಕಳ ಶಾಲೆ ಇಲ್ಲಿ, ಮನಸ್ಸು ಅಲ್ಲಿ. ಊರಿನ ಮೇಲಣ ಪ್ರೀತಿ ತಪ್ಪಲ್ಲ. ಆದರೆ ಉಸಿರಾಡುವ ಗಾಳಿ ಐರೋಲಿಯದಾಗಿರುವಾಗ ಐರೋಲಿಯ ಚಿಂತೆಯನ್ನು ಇತರರಿಗೆ ಬಿಟ್ಟುಕೊಡುವುದು ವಿವೇಕವಲ್ಲ.

ಮಾಡಬಹುದಾದ ಕೆಲಸಗಳು ಸರಳವಾಗಿವೆ. ಮೊದಲನೆಯದಾಗಿ, ಪ್ರತಿಯೊಂದು ಸಂಘವೂ ತನ್ನ ಸದಸ್ಯರ ಹಾಗೂ ಅವರ ಮನೆಯ ಹದಿನೆಂಟು ತುಂಬಿದ ಮಕ್ಕಳ ಹೆಸರು ಇಲ್ಲಿಯ ಮತದಾರರ ಪಟ್ಟಿಯಲ್ಲಿದೆಯೇ ಎಂದು ವರ್ಷಕ್ಕೊಮ್ಮೆ ಪರಿಶೀಲಿಸಬೇಕು. ಎರಡನೆಯದಾಗಿ, ಈಗಿನ ಪದ್ಧತಿಯಲ್ಲಿ ಒಂದು ವಾರ್ಡಿಗೆ ಸಾಮಾನ್ಯವಾಗಿ ನಾಲ್ವರು ಸದಸ್ಯರು. ನಾಲ್ವರಿದ್ದಲ್ಲಿ ಯಾರೂ ಇಲ್ಲದಂತಾಗುವ ಭಯವುಂಟು. ಆದುದರಿಂದ ವರ್ಷದಲ್ಲಿ ಎರಡು ಸಲವಾದರೂ ನಾಲ್ವರನ್ನೂ ಒಟ್ಟಿಗೆ ಕರೆದು, ಶಾಲು ಹೊದಿಸಿ ಹಾರ ಹಾಕಿ ಕಳುಹಿಸುವ ಬದಲು, ಬಸ್ಸು, ಕಾಲುದಾರಿ, ಗಟಾರಗಳ ವಿಷಯವಾಗಿ ಲಿಖಿತ ಪ್ರಶ್ನೆಗಳನ್ನು ಮುಂದಿಟ್ಟು ಉತ್ತರ ಪಡೆಯಬೇಕು. ಮೂರನೆಯದಾಗಿ, ಮೂರು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನವೇ ಹೇಳಿದೆ; ಅವುಗಳ ಕಲಾಪವನ್ನು ತಿಳಿದುಕೊಳ್ಳುವ ಒಬ್ಬಿಬ್ಬರು ನಿವೃತ್ತರಾದರೂ ಪ್ರತಿ ಸಂಘದಲ್ಲಿರಬೇಕು.

ಈ ಕಾರ್ಯವನ್ನು ಕನ್ನಡಿಗರು ಪ್ರತ್ಯೇಕವಾಗಿ ಮಾಡಹೊರಡುವುದು ತರವಲ್ಲ. ಅದೇ ಸೊಸಾಯಿಟಿಯ ಮರಾಠಿ, ಗುಜರಾತಿ, ಮಲಯಾಳಿ ನೆರೆಯವರೊಡನೆಯೂ ಗಾಂವ್‌ಠಾಣದ ಆಗ್ರಿ-ಕೋಳಿ ಬಾಂಧವರೊಡನೆಯೂ ಕೂಡಿ, ಮರಾಠಿಯಲ್ಲಿ ಮಾತನಾಡಿ ಮಾಡಬೇಕು. ಕಾಲುದಾರಿಗೆ ಭಾಷೆಯಿಲ್ಲ. ಹಾಗೆಯೇ ಫ್ಲಾಟಿನ ಕನ್ನಡಿಗನು ಮುಂಜಾನೆ ನಾಕೆಯಲ್ಲಿ ಕೂಲಿಗಾಗಿ ಕಾದು ನಿಲ್ಲುವ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಕನ್ನಡಿಗನನ್ನು ಕಾಣದವನಂತೆ ಹಾದುಹೋಗಬಾರದು. ನಗರದ ಕಟ್ಟಡಗಳನ್ನು ಕಟ್ಟಿದವರಲ್ಲಿ ಅವನೂ ಒಬ್ಬ. ಅವನಿಗೆ ಬಸ್ಸಿನ ಅಗತ್ಯ ಎಲ್ಲರಿಗಿಂತ ಹೆಚ್ಚು. ಅದನ್ನು ಕೇಳುವ ಶಕ್ತಿ ಎಲ್ಲರಿಗಿಂತ ಕಡಮೆ.

ಆರು ವರ್ಷಗಳ ಅಂತರದ ನಂತರ ನವಿಮುಂಬಯಿಯಲ್ಲಿ ಮತ್ತೆ ಚುನಾಯಿತ ಸಭೆಯೊಂದು ಬಂದಿದೆ. ಅದರ ಮೊದಲ ವರ್ಷವು ಬಹು ಮುಖ್ಯವಾದುದು. ಜನರು ಕೇಳುವವರೆಂದು ಈಗಲೇ ಮನವರಿಕೆಯಾದರೆ ಸದಸ್ಯರು ಮುಂದಿನ ನಾಲ್ಕು ವರ್ಷಗಳೂ ಎಚ್ಚರವಾಗಿರುವರು; ಕೇಳುವವರಿಲ್ಲವೆಂದು ತೋರಿದರೆ ಸಭೆಯಿದ್ದೂ ಇಲ್ಲದಂತೆಯೇ. ಐರೋಲಿಯ ಕನ್ನಡ ಕುಟುಂಬಗಳು ಬರುವ ತಿಂಗಳಲ್ಲಿಯೇ ತಮ್ಮ ವಾರ್ಡಿನ ನಾಲ್ವರು ಸದಸ್ಯರ ಹೆಸರನ್ನು ತಿಳಿದುಕೊಂಡು, ಮನೆಯಿಂದ ನಿಲ್ದಾಣದವರೆಗಿನ ದಾರಿಯಲ್ಲಿ ಕಂಡ ಕುಂದುಗಳನ್ನು ಒಂದು ಹಾಳೆಯಲ್ಲಿ ಬರೆದು, ನೆರೆಹೊರೆಯವರ ಸಹಿಯೊಡನೆ ಅವರಿಗೆ ತಲುಪಿಸಿದರೆ, ಅದೊಂದು ಒಳ್ಳೆಯ ಆರಂಭವಾದೀತು.